ದೊಡ್ಡವರು ಹರೆಯದವರ ಸೈಕಲಾಜಿಕಲ್ ಥ್ರಿಲ್ಲರ್ ಓದುವುದು ಹೇಗೆ?

"ಈ ಹುಡುಗಿ ನೇರವಾಗಿ ಪೊಲೀಸರ ಹತ್ತಿರ ಯಾಕೆ ಹೋಗುವುದಿಲ್ಲ?" "ನೂರನೇ ಪುಟಕ್ಕೇ ಅಪರಾಧಿ ಯಾರೆಂದು ಗೊತ್ತಾಗಿಬಿಡುತ್ತದಲ್ಲ?" "ನಲವತ್ತು ದಾಟಿದವರು ಇದನ್ನೆಲ್ಲ ಓದಬಹುದಾ?" ಹರೆಯದವರ ಥ್ರಿಲ್ಲರ್ ಕೈಗೆತ್ತಿಕೊಂಡ ದೊಡ್ಡವರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಕೊನೆಯದಕ್ಕೆ ಉತ್ತರ ಸುಲಭ: ಓದಬಹುದು, ಧಾರಾಳವಾಗಿ. ಮೊದಲೆರಡು ಪ್ರಶ್ನೆ ಹುಟ್ಟುವುದು ಒಂದೇ ಜಾಗದಿಂದ. ನಾವು ಕಥೆಯನ್ನು ನಮ್ಮ ವಯಸ್ಸಿನಲ್ಲಿ ನಿಂತು ಓದುತ್ತಿರುತ್ತೇವೆ. ನಮ್ಮ ಕೈಯಲ್ಲಿ ಹಣ ಇದೆ, ಗಾಡಿ ಇದೆ, ನಾವು ಹೇಳಿದರೆ ನಾಲ್ಕು ಜನ ಕೇಳುತ್ತಾರೆ. ಕಥೆ ಹೇಳುತ್ತಿರುವ ಹದಿನಾರರ ಹುಡುಗಿಗೆ ಇದ್ಯಾವುದೂ ಇಲ್ಲ, ಮತ್ತು ಈ ಪ್ರಕಾರದಲ್ಲಿ ಭಯ ಹುಟ್ಟುವುದೇ ಆ ಇಲ್ಲದಿರುವಿಕೆಯಿಂದ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಓದುವ ಕ್ರಮ ಇಲ್ಲಿದೆ.

ಬೇಕಾಗುವುದು ಕಡಿಮೆ: ಪುಸ್ತಕ, ಒಂದು ಹಾಳೆ, ಪೆನ್ಸಿಲ್, ಮತ್ತು ಆರರಿಂದ ಒಂಬತ್ತು ಗಂಟೆ. ಈ ಗಂಟೆಗಳ ಲೆಕ್ಕ ಹೀಗೆ. ಇಂಥ ಕಾದಂಬರಿ ಸಾಮಾನ್ಯವಾಗಿ 60,000ದಿಂದ 90,000 ಪದಗಳಷ್ಟಿರುತ್ತದೆ, ಅಂದರೆ 300–400 ಪುಟ. ನಿಮಿಷಕ್ಕೆ 230 ಪದ ಓದುವವರಿಗೆ 80,000 ಪದಕ್ಕೆ ಸುಮಾರು ಆರು ಗಂಟೆ ಸಾಕು. ನಿಧಾನವಾಗಿ, ನಿಮಿಷಕ್ಕೆ 150 ಪದದಂತೆ ಓದಿದರೆ ಒಂಬತ್ತು ಗಂಟೆ.

ಹಂತ 1: ಕೈಯಲ್ಲಿರುವುದು ಯಾವ ಬಗೆಯ ಪುಸ್ತಕ ಎಂದು ತಿಳಿಯಿರಿ

ಯಂಗ್ ಅಡಲ್ಟ್, ಅಂದರೆ ವೈ.ಎ., ಪ್ರಕಾಶಕರು ಸುಮಾರು 12ರಿಂದ 18 ವರ್ಷದ ಓದುಗರಿಗೆಂದು ಇಟ್ಟಿರುವ ವರ್ಗ. ಮುಖ್ಯ ಪಾತ್ರಕ್ಕೆ ಹದಿನಾರಾಗಿದ್ದ ಮಾತ್ರಕ್ಕೆ ಪುಸ್ತಕ ವೈ.ಎ. ಆಗುವುದಿಲ್ಲ. ದೊಡ್ಡವರ ಕಾದಂಬರಿಯಲ್ಲಿ ಹರೆಯವನ್ನು ಹೆಚ್ಚಾಗಿ ಹಿಂತಿರುಗಿ ನೋಡುತ್ತಾರೆ, "ಆಗ ನನಗೆ ತಿಳಿದಿರಲಿಲ್ಲ" ಎನ್ನುವ ಧಾಟಿಯಲ್ಲಿ. ವೈ.ಎ.ಯಲ್ಲಿ ಆ ದೂರ ಇರುವುದಿಲ್ಲ. ನಿರೂಪಕಿ ಆ ವಯಸ್ಸಿನೊಳಗೇ ಇದ್ದಾಳೆ, ನಾಳೆ ಏನಾಗುತ್ತದೆಂದು ಅವಳಿಗೂ ಗೊತ್ತಿಲ್ಲ. ಬಹಳಷ್ಟು ಪುಸ್ತಕಗಳು ಉತ್ತಮ ಪುರುಷದಲ್ಲಿ, ಅಂದರೆ "ನಾನು" ಎಂದು, ವರ್ತಮಾನ ಕಾಲದಲ್ಲಿ ಸಾಗುವುದಕ್ಕೆ ಕಾರಣ ಇದೇ.

ಪತ್ತೇದಾರಿ ಕಥೆಯಲ್ಲಿ "ಮಾಡಿದ್ದು ಯಾರು" ಎಂಬುದು ಪ್ರಶ್ನೆ. ಸೈಕಲಾಜಿಕಲ್ ಥ್ರಿಲ್ಲರಿನ ಪ್ರಶ್ನೆ ಬೇರೆ: "ನನ್ನ ತಲೆಯನ್ನು ನಾನು ನಂಬಬಹುದೇ? ನನ್ನ ಪಕ್ಕದಲ್ಲಿರುವವರನ್ನು?" ಎರಡೂ ಬೆರೆತ ಪುಸ್ತಕಗಳೇ ಹೆಚ್ಚು.

ಇದು ನಿನ್ನೆ ಮೊನ್ನೆಯ ಅಲೆಯೇನೂ ಅಲ್ಲ. ಲೋಯಿಸ್ ಡಂಕನ್, ರಾಬರ್ಟ್ ಕಾರ್ಮಿಯರ್ ಅಂಥ ಅಮೆರಿಕದ ಲೇಖಕರು 1970ರ ದಶಕದಲ್ಲೇ ಹರೆಯದವರಿಗಾಗಿ ಇಂಥ ಕಥೆ ಬರೆದರು. ಅಮೆರಿಕದ ಅಪರಾಧ ಸಾಹಿತ್ಯದ ಎಡ್ಗರ್ ಪ್ರಶಸ್ತಿಯಲ್ಲಿ 1989ರಿಂದ ಯಂಗ್ ಅಡಲ್ಟ್ ವಿಭಾಗ ಪ್ರತ್ಯೇಕವಾಗಿ ಇದೆ. ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ಆ ವಿಭಾಗದ ಅಂತಿಮ ಪಟ್ಟಿಗಳು ಒಳ್ಳೆಯ ಆರಂಭ.

ಹಂತ 2: ಆಯ್ಕೆ — ಇಲ್ಲೇ ಹೆಚ್ಚು ಎಡವುವುದು

ಬೆನ್ನುಡಿಯ ಮೊದಲ ಎರಡು ವಾಕ್ಯ ಓದಿ, ನಿಲ್ಲಿಸಿ. ಈ ಪ್ರಕಾರದ ಬೆನ್ನುಡಿಗಳು ಪುಸ್ತಕದ ಮೂರನೇ ಒಂದು ಭಾಗದವರೆಗಿನ ಘಟನೆಗಳನ್ನು ಆರಾಮಾಗಿ ಹೇಳಿಬಿಡುತ್ತವೆ. "ಊಹಿಸಲಾಗದ ತಿರುವು" ಎಂದು ಹೊಗಳುವ ವಿಮರ್ಶೆಯನ್ನೂ ಬಿಡಿ. ತಿರುವು ಏನೆಂದು ಹೇಳದಿದ್ದರೂ ತಿರುವು ಇದೆ ಎಂದು ಹೇಳಿದರೆ ಸಾಕು, ಓದುವವರು ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನಿಸತೊಡಗುತ್ತಾರೆ.

ನಂತರ ಮೊದಲ ಹತ್ತು ಪುಟ ಓದಿ. ನಿರೂಪಕಿ ತನ್ನ ಮನಸ್ಸಿನ ಸ್ಥಿತಿಯನ್ನು ವಿವರಿಸುತ್ತಾ ಕೂತಿದ್ದಾಳೋ, ಏನನ್ನಾದರೂ ಮಾಡುತ್ತಿದ್ದಾಳೋ ಗಮನಿಸಿ. "ನನಗೆ ಭಯವಾಗಿತ್ತು, ಎದೆ ಡವಗುಟ್ಟುತ್ತಿತ್ತು" ಎಂಬ ಸಾಲು ಹತ್ತು ಪುಟದಲ್ಲಿ ನಾಲ್ಕು ಸಲ ಬಂದರೆ ಆ ಪುಸ್ತಕ ಕೆಳಗಿಡಿ. ಮುಂದೆಯೂ ಹಾಗೆಯೇ ಇರುತ್ತದೆ.

ಸರಣಿ ಪುಸ್ತಕಗಳಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ಕ್ರಮ. ಎರಡನೇ ಪುಸ್ತಕ ಸಾಮಾನ್ಯವಾಗಿ ಮೊದಲನೆಯದರ ಅಪರಾಧಿಯ ಹೆಸರು ಹೇಳಿಕೊಂಡೇ ಶುರುವಾಗುತ್ತದೆ. ಪ್ರೀಕ್ವೆಲ್, ಅಂದರೆ ನಡೆದ ಕಥೆಗೂ ಹಿಂದಿನ ಕಥೆ, ಇನ್ನೂ ಮೋಸಗೊಳಿಸುತ್ತದೆ. ಕಾಲದಲ್ಲಿ ಹಿಂದಿನದಲ್ಲವೇ ಎಂದು ಅದನ್ನೇ ಮೊದಲು ಓದುವವರು ಬಹಳ. ಇ. ಲಾಕ್‌ಹಾರ್ಟ್ ಅವರ "ವಿ ವರ್ ಲಯರ್ಸ್" 2014ರಲ್ಲಿ ಬಂತು, ಅದರ ಪ್ರೀಕ್ವೆಲ್ 2022ರಲ್ಲಿ. ಪ್ರೀಕ್ವೆಲ್ಲನ್ನು ಮೊದಲು ಹಿಡಿದರೆ ಮೂಲ ಕಾದಂಬರಿಯ ಗುಟ್ಟು ಬಯಲಾಗಿಬಿಡುತ್ತದೆ. ಯಾವಾಗಲೂ ಪ್ರಕಟವಾದ ಕ್ರಮದಲ್ಲೇ ಓದಿ.

ಎರಡನೆಯದು ಆವೃತ್ತಿ. ಹಾಲಿ ಜಾಕ್ಸನ್ ಅವರ "ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್" (2019) ಬ್ರಿಟಿಷ್ ಆವೃತ್ತಿಯಲ್ಲಿ ಇಂಗ್ಲೆಂಡಿನ ಕಲ್ಪಿತ ಊರಿನಲ್ಲಿ ನಡೆಯುತ್ತದೆ. ಅಮೆರಿಕದ ಆವೃತ್ತಿಯಲ್ಲಿ ಅದೇ ಕಥೆ ಕನೆಕ್ಟಿಕಟ್‌ನ ಫೇರ್‌ವ್ಯೂ ಎಂಬಲ್ಲಿಗೆ ಹೋಗಿದೆ. ಒಂದನೇ ಪುಸ್ತಕ ಒಂದು ಆವೃತ್ತಿಯದು, ಎರಡನೆಯದು ಇನ್ನೊಂದರದು ಆದರೆ ಊರಿನ ಹೆಸರೇ ಬದಲಾಗಿ, ಇದೂ ಏನೋ ಸುಳಿವು ಇರಬೇಕು ಎಂದು ತಲೆ ಕೆಡಿಸಿಕೊಳ್ಳುತ್ತೀರಿ. ಕೊಳ್ಳುವ ಮುನ್ನ ಹಕ್ಕುಸ್ವಾಮ್ಯದ ಪುಟ ನೋಡಿ, ಇಡೀ ಸರಣಿಯನ್ನು ಒಂದೇ ಆವೃತ್ತಿಯಲ್ಲಿ ತೆಗೆದುಕೊಳ್ಳಿ.

ಕೊನೆಯದಾಗಿ, ಒಳಗೆ ಏನಿದೆ ಎಂಬ ಎಚ್ಚರಿಕೆ. ಆತ್ಮಹತ್ಯೆ, ಸ್ವಯಂಹಾನಿ, ಲೈಂಗಿಕ ದೌರ್ಜನ್ಯ, ಊಟ ಬಿಟ್ಟು ದೇಹವನ್ನು ದಂಡಿಸುವುದು ಈ ಪ್ರಕಾರದಲ್ಲಿ ಪದೇ ಪದೇ ಬರುತ್ತವೆ. ಹರೆಯದವರ ಪುಸ್ತಕವಲ್ಲವೇ, ಹಗುರವಾಗಿರುತ್ತದೆ ಎಂದುಕೊಳ್ಳಬೇಡಿ. ಕೆಲವು ಪುಸ್ತಕಗಳ ಆರಂಭದಲ್ಲೇ ಲೇಖಕರ ಸೂಚನೆ ಇರುತ್ತದೆ. ಇವುಗಳಲ್ಲಿ ಯಾವುದಾದರೂ ನಿಮ್ಮ ಬದುಕಿಗೆ ಹತ್ತಿರದ್ದಾಗಿದ್ದರೆ, ಸ್ಪಾಯ್ಲರ್‌ಗೆ, ಅಂದರೆ ಕಥೆಯ ಗುಟ್ಟು ಬಯಲಾಗುವುದಕ್ಕೆ, ಅಂಜದೆ ಮೊದಲೇ ಓದಿದವರೊಬ್ಬರನ್ನು ಕೇಳಿ. ಅಚ್ಚರಿ ಹೋದರೆ ಹೋಗಲಿ, ನಿಮ್ಮ ನೆಮ್ಮದಿ ಮುಖ್ಯ.

ಹಂತ 3: ಓದಿನ ಪಾಲು ಮಾಡಿ

ದಿನಕ್ಕೆ ಹತ್ತು ಪುಟದಂತೆ ಒಂದು ತಿಂಗಳು ಎಳೆದರೆ ಥ್ರಿಲ್ಲರ್ ಸತ್ತುಹೋಗುತ್ತದೆ. ಯಾರು ಯಾವಾಗ ಎಲ್ಲಿದ್ದರೆಂಬುದು ಮರೆತು, ಸುಳಿವು ಸುಳಿವಾಗಿ ಕಾಣುವುದೇ ಇಲ್ಲ. 320 ಪುಟದ ಪುಸ್ತಕವನ್ನು ನಾಲ್ಕು ಪಾಲು ಮಾಡಿ, ತಲಾ 80 ಪುಟ. ಒಂದು ಪಾಲಿಗೆ ಒಂದೂವರೆಯಿಂದ ಎರಡೂಕಾಲು ಗಂಟೆ. ಮೊದಲ ಪಾಲನ್ನೂ ಕೊನೆಯ ಪಾಲನ್ನೂ ಒಂದೇ ಸಲ ಕೂತು ಮುಗಿಸಿ. ನಡುವಿನ ಎರಡನ್ನು ಬೇಕಾದಂತೆ ತುಂಡರಿಸಬಹುದು.

ಇ-ಪುಸ್ತಕದಲ್ಲಿ ಓದುವವರು ಮೂರು ಕೆಲಸ ಮಾಡಿ. ತೆರೆದ ತಕ್ಷಣ ರಕ್ಷಾಪುಟದವರೆಗೂ ಹಿಂದಕ್ಕೆ ಹೋಗಿ. ಓದುವ ಸಾಧನಗಳು ಬಹಳ ಸಲ ನೇರ ಮೊದಲ ಅಧ್ಯಾಯಕ್ಕೇ ತೆರೆದುಕೊಳ್ಳುತ್ತವೆ. ನಕ್ಷೆ, ವಂಶವೃಕ್ಷ, ಒಂದು ಪುಟದ ಪೀಠಿಕೆ ತಪ್ಪಿಹೋಗುತ್ತದೆ. ಇತರ ಓದುಗರು ಗೆರೆ ಎಳೆದ ಸಾಲು ತೋರಿಸುವ ಸೌಲಭ್ಯವನ್ನು ನಿಲ್ಲಿಸಿ. ಸಪ್ಪೆ ಸಾಲೊಂದಕ್ಕೆ ಸಾವಿರಾರು ಜನ ಗೆರೆ ಎಳೆದಿದ್ದಾರೆಂದರೆ ಅದೇ ಸುಳಿವು ಎಂದು ಗೊತ್ತಾಗಿಬಿಡುತ್ತದೆ. ಪರಿವಿಡಿ ನೋಡಿ ಕೊನೆಯ ಅಧ್ಯಾಯ ಶೇಕಡಾ ಎಷ್ಟರಲ್ಲಿ ಮುಗಿಯುತ್ತದೆಂದು ಗುರುತು ಹಾಕಿಕೊಳ್ಳಿ. ಹಿಂಬದಿಯಲ್ಲಿ ಮುಂದಿನ ಪುಸ್ತಕದ ಮಾದರಿ ಅಧ್ಯಾಯ ಸೇರಿಸಿರುತ್ತಾರೆ. ಇನ್ನೂ ಶೇ. 8 ಉಳಿದಿದೆ, ಮತ್ತೊಂದು ತಿರುವು ಬರುತ್ತದೆ ಎಂದು ಕಾಯುತ್ತಿರುವಾಗ ಕಥೆ ಮುಗಿದೇಹೋಗಿರುತ್ತದೆ.

ಕೇಳುಪುಸ್ತಕವಾದರೆ ವೇಗವನ್ನು 1.25 ಪಟ್ಟು ದಾಟಿಸಬೇಡಿ. ಅಧ್ಯಾಯದ ತಲೆಯಲ್ಲಿರುವ ದಿನಾಂಕ, ಸಮಯ, ಮಾತಾಡುತ್ತಿರುವವರ ಹೆಸರು ಅರೆಕ್ಷಣದಲ್ಲಿ ಹಾದುಹೋಗುತ್ತವೆ.

ಹಂತ 4: ಮೊದಲ 50 ಪುಟದಲ್ಲಿ "ಇಲ್ಲ" ಪಟ್ಟಿ

ಇಡೀ ವಿಧಾನದ ಜೀವ ಇಲ್ಲಿದೆ. ಹಾಳೆಯ ಎಡಕ್ಕೆ ಐದು ಪದ ಬರೆಯಿರಿ: ಹಣ, ಓಡಾಟ, ಫೋನು, ಬಾಗಿಲು, ನಂಬುವ ದೊಡ್ಡವರು. ಓದುತ್ತಾ ಹೋದಂತೆ ಪ್ರತಿಯೊಂದರ ಮುಂದೆ ಈ ಪಾತ್ರಕ್ಕೆ ಎಷ್ಟಿದೆ, ಅದು ಯಾರ ಹಿಡಿತದಲ್ಲಿದೆ ಎಂದು ಬರೆಯುತ್ತಾ ಬನ್ನಿ.

ಒಂದು ಕಲ್ಪಿತ ಉದಾಹರಣೆ. ಹದಿನೇಳರ ಹುಡುಗ, ಮಲತಂದೆಯ ಮೇಲೆ ಅನುಮಾನ. ಹಣ: ವಾರಾಂತ್ಯದ ಕೆಲಸದ್ದು, ಖಾತೆ ಅಮ್ಮನ ಜೊತೆ ಜಂಟಿ. ಓಡಾಟ: ಮಲತಂದೆಯ ಕಾರು ಕೇಳಬೇಕು. ಫೋನು: ಬಿಲ್ಲು ಕಟ್ಟುವವನು ಮಲತಂದೆ, ಎಲ್ಲಿದ್ದಾನೆಂದು ಅವನಿಗೆ ಕಾಣುತ್ತದೆ. ಬಾಗಿಲು: ಚಿಲಕ ಕಳೆದ ವರ್ಷವೇ ತೆಗೆಸಿದ್ದಾರೆ. ನಂಬುವ ದೊಡ್ಡವರು: ಶಾಲೆಯ ಆಪ್ತಸಮಾಲೋಚಕಿ, ಆದರೆ ಹಿಂದೊಮ್ಮೆ ಅವಳ ಮುಂದೆ ಇವನು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾನೆ.

ಈ ಐದು ಸಾಲು ನೋಡಿದ ಮೇಲೆ "ಪೊಲೀಸರಿಗೆ ಯಾಕೆ ಹೇಳುವುದಿಲ್ಲ" ಎನ್ನುವ ಪ್ರಶ್ನೆ ಬೇರೆ ರೂಪ ಪಡೆಯುತ್ತದೆ. ಹೇಳಬೇಕಾದರೆ ಠಾಣೆಗೆ ಹೋಗಬೇಕು. ಹೋದದ್ದು ಫೋನಿನಲ್ಲಿ ಕಾಣುತ್ತದೆ. ಠಾಣೆಯವರು ಮೊದಲು ಕರೆಯುವುದು ಮನೆಯವರನ್ನು. ಮನೆಯಿಂದ ಬರುವವನು ಅದೇ ಮಲತಂದೆ. ಚಿಲಕವಿಲ್ಲದ ಬಾಗಿಲು ಮೊದಲ ಓದಿಗೆ ಮನೆಯ ವರ್ಣನೆಯಂತೆ ಕಂಡಿರುತ್ತದೆ. ಪಟ್ಟಿಯಲ್ಲಿ ಬರೆದುಕೊಂಡವರಿಗೆ ಅದು ಅಲ್ಲಿಂದ ಕೊನೆಯವರೆಗೂ ಕಣ್ಣಿಗೆ ಚುಚ್ಚುತ್ತಲೇ ಇರುತ್ತದೆ.

ಪುಸ್ತಕದ ಯೋಗ್ಯತೆಯೂ ಇಲ್ಲೇ ಅಳತೆಗೆ ಸಿಗುತ್ತದೆ. ಒಳ್ಳೆಯ ಲೇಖಕರು ಸಹಾಯದ ಒಂದೊಂದು ದಾರಿಯನ್ನೂ ಒಂದು ಘಟನೆಯ ಮೂಲಕ ಮುಚ್ಚುತ್ತಾರೆ. ಸೋಮಾರಿ ಲೇಖಕರು ಆ ದಾರಿ ಇತ್ತೆಂಬುದನ್ನೇ ಮರೆತಂತೆ ನಟಿಸುತ್ತಾರೆ. ಪುಸ್ತಕದ ಮೂರನೇ ಒಂದು ಭಾಗ ಮುಗಿದರೂ, ಕೇಳಿದ್ದರೆ ಖಂಡಿತ ಸಹಾಯ ಮಾಡುತ್ತಿದ್ದ ದೊಡ್ಡವರೊಬ್ಬರು ಪಕ್ಕದ ಕೋಣೆಯಲ್ಲೇ ಇದ್ದು, ಪಾತ್ರ ಕಾರಣವಿಲ್ಲದೆ ಸುಮ್ಮನಿದ್ದರೆ ತಪ್ಪು ನಿಮ್ಮ ವಯಸ್ಸಿನದಲ್ಲ. ಧೈರ್ಯವಾಗಿ ಪುಸ್ತಕ ಮುಚ್ಚಿ.

ಹಂತ 5: ನಿರೂಪಕಿಯ ಮಾತನ್ನು ಸಾಲು ಸಾಲಾಗಿ ಹಿಡಿಯಿರಿ

ನಂಬಲಾಗದ ನಿರೂಪಕ ಎಂಬ ಮಾತು ವಿಮರ್ಶೆಯಲ್ಲಿ ನೆಲೆಯೂರಿದ್ದು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ ಅವರ 1961ರ ಪುಸ್ತಕದಿಂದ. ಕಥೆ ಹೇಳುವವರ ಮಾತಿಗೂ ಕಥೆಯಲ್ಲಿ ನಡೆದದ್ದಕ್ಕೂ ಅಂತರ ಇದೆ ಎಂಬುದು ಅರ್ಥ. ಅಂತರ ನಾನಾ ಬಗೆಯದು: ಬೇಕೆಂದೇ ಸುಳ್ಳು, ಹೇಳದೆ ಬಿಡುವುದು, ನೆನಪೇ ಇಲ್ಲದಿರುವುದು, ವಯಸ್ಸು ಸಾಲದೆ ಅರ್ಥವಾಗದಿರುವುದು. ಹರೆಯದವರ ಪುಸ್ತಕಗಳಲ್ಲಿ ಕೊನೆಯದೇ ನನ್ನ ಪ್ರಕಾರ ಅತ್ಯಂತ ನೋವಿನದು. ದೊಡ್ಡವನೊಬ್ಬನ "ಕಾಳಜಿ" ಏನೆಂದು ಹುಡುಗಿಗೆ ಅರ್ಥವಾಗುವ ಎಷ್ಟೋ ಮೊದಲೇ ನಮಗೆ ಅರ್ಥವಾಗಿರುತ್ತದೆ. ಇಲ್ಲಿ ನಾವು ಮುಂದಿರುವುದು ಪುಸ್ತಕದ ದೋಷವಲ್ಲ. ದೊಡ್ಡ ಓದುಗರಿಗೆ ಮಾತ್ರ ಸಿಗುವ ಸಂಕಟ ಅದು.

ಈ ನಾಲ್ಕು ವಾಕ್ಯ ನೋಡಿ, ಉದಾಹರಣೆಗೆಂದೇ ಬರೆದದ್ದು:

"ಆ ರಾತ್ರಿ ಹತ್ತಕ್ಕೆಲ್ಲ ಮಲಗಿದೆ. ಬೆಳಿಗ್ಗೆ ನೋಡಿದರೆ ಬಾಗಿಲ ಬಳಿ ಇದ್ದ ನನ್ನ ಶೂ ಒದ್ದೆಯಾಗಿತ್ತು. ಅಮ್ಮ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಎಲ್ಲರ ಕಣ್ಣೂ ಒದ್ದೆ ಶೂ ಮೇಲೆ ಬೀಳುತ್ತದೆ. ಬೀಳಲೆಂದೇ ಇಟ್ಟದ್ದು ಅದು. ಮೊದಲ ವಾಕ್ಯಕ್ಕೆ ಹಿಂತಿರುಗಿ: "ಮಲಗಿದೆ" ಎಂದಿದ್ದಾಳೆ, "ನಿದ್ದೆ ಹೋದೆ" ಎಂದಿಲ್ಲ. ಕೊನೆಯ ವಾಕ್ಯ ಇನ್ನೂ ಮುಖ್ಯ. ರಾತ್ರಿಯೆಲ್ಲ ನಿದ್ದೆ ಮಾಡಿದ್ದರೆ ಅವಳ ಹತ್ತಿರ ಹೇಳುವುದಕ್ಕೇ ಏನೂ ಇರುವುದಿಲ್ಲ. "ಹೇಳಲಿಲ್ಲ" ಎಂದಾಗಲೇ ಹೇಳುವಂಥದ್ದು ಇತ್ತು ಎಂದು ಒಪ್ಪಿಕೊಂಡಂತಾಯಿತು. "ನಾನೂ" ಎಂಬಲ್ಲಿನ ದೀರ್ಘ ಅಮ್ಮನನ್ನೂ ಜೊತೆಗೆ ಎಳೆದುಕೊಳ್ಳುತ್ತದೆ: ಅಮ್ಮ ಕೇಳದಿದ್ದದ್ದು ಗೊತ್ತಿಲ್ಲದೆ ಅಲ್ಲ ಎಂದು ಮಗಳಿಗೆ ಅನ್ನಿಸಿದೆ. ಹೀಗೆ ಇಡೀ ಪುಸ್ತಕ ಓದಲಾಗುವುದಿಲ್ಲ, ಓದಬೇಕಾಗಿಯೂ ಇಲ್ಲ. ಒಂದು ಪಾಲಿಗೆ ಇಂಥ ಎರಡು ಮೂರು ಸಾಲಿಗೆ ಪೆನ್ಸಿಲ್ ಗುರುತು ಹಾಕಿದರೆ ಸಾಕು.

ಕ್ರಿಯಾಪದಗಳ ಕಾಲ ಬದಲಾಗುವುದನ್ನೂ ಗಮನಿಸಿ. ಕಾರ್ಮಿಯರ್ ಅವರ 1977ರ "ಐ ಆಮ್ ದ ಚೀಸ್" ಇದಕ್ಕೆ ಪಾಠದಂತಿದೆ. ಹುಡುಗನ ಸೈಕಲ್ ಪ್ರಯಾಣ ಉತ್ತಮ ಪುರುಷ ವರ್ತಮಾನದಲ್ಲಿ, ಅದರ ನಡುನಡುವೆ ಟೇಪಿನಲ್ಲಿ ದಾಖಲಾದ ಪ್ರಶ್ನೋತ್ತರ, ಜೊತೆಗೆ ಪ್ರಥಮ ಪುರುಷದಲ್ಲಿ, ಅಂದರೆ "ಅವನು" ಎಂದು, ಹಿಂದಿನ ಕಥೆ. ಈ ಮೂರು ಎಳೆ ಯಾಕೆ ಬೇರೆ ಬೇರೆ ವ್ಯಾಕರಣದಲ್ಲಿವೆ ಎಂದು ಕೇಳಿಕೊಳ್ಳುತ್ತಾ ಓದಿದವರಿಗೆ ಕೊನೆಯ ಪುಟಗಳು ಬೇರೆಯೇ ರೀತಿಯಲ್ಲಿ ತಟ್ಟುತ್ತವೆ. ನಾಲ್ಕಾರು ಜನ ಸರದಿಯಲ್ಲಿ ಕಥೆ ಹೇಳುವ ಪುಸ್ತಕವಾದರೆ, ಪ್ರತಿಯೊಬ್ಬರೂ ಯಾವ ಘಟನೆಯನ್ನು ಹೇಳದೆ ದಾಟಿದರು ಎಂದು ಬರೆದಿಡಿ.

ಇನ್ನೊಂದು ಪದ ನಿಮಗೆ ಎದುರಾಗುತ್ತಲೇ ಇರುತ್ತದೆ: ಗ್ಯಾಸ್‌ಲೈಟಿಂಗ್. ಒಬ್ಬರು ತಮ್ಮ ನೆನಪು, ಕಣ್ಣು, ಕಿವಿಗಳನ್ನೇ ಅನುಮಾನಿಸುವಂತೆ ಸತತವಾಗಿ ಮೋಸ ಮಾಡುವುದು. ಪದ ಬಂದದ್ದು ಬ್ರಿಟಿಷ್ ನಾಟಕಕಾರ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ 1938ರ "ಗ್ಯಾಸ್ ಲೈಟ್" ನಾಟಕದಿಂದ. ಗಂಡ ಮೇಲಿನ ಮಹಡಿಯಲ್ಲಿ ಗುಟ್ಟಾಗಿ ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ, ಹೆಂಡತಿಗೆ ಮಾತ್ರ ನಿನ್ನ ತಲೆಯೇ ಸರಿಯಿಲ್ಲ ಎಂದು ನಂಬಿಸುತ್ತಿರುತ್ತಾನೆ. ಯಾರಾದರೂ ನಿರೂಪಕಿಗೆ "ನೀನು ತಪ್ಪು ತಿಳಿದಿದ್ದೀ" ಎಂದ ಪ್ರತಿ ಸಲವೂ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಚುಕ್ಕೆಗಳು ಒಬ್ಬರ ಹೆಸರಿನ ಸುತ್ತ ಗುಂಪುಗೂಡುತ್ತವೆಯೇ ನೋಡಿ.

ಹಂತ 6: ಅರ್ಧಕ್ಕೆ ನಿಂತು ಊಹೆ ಬರೆಯಿರಿ

160ನೇ ಪುಟದಲ್ಲಿ ನಿಲ್ಲಿಸಿ ಮೂರು ಹೆಸರು ಬರೆಯಿರಿ, ಪ್ರತಿಯೊಂದರ ಪಕ್ಕ ಕಾರಣ. "ಉಳಿದವರು ಯಾರೂ ಇಲ್ಲವಲ್ಲ" ಎಂಬುದು ಕಾರಣವಾಗಿದ್ದರೆ ಹಾಗೆಯೇ ಬರೆಯಿರಿ, ಏಕೆಂದರೆ ಬೇಗ ಗೊತ್ತಾಗಿಬಿಟ್ಟಿತು ಎನ್ನುವವರಲ್ಲಿ ಬಹುಪಾಲು ಜನ ಮಾಡುವುದು ಇದನ್ನೇ. ಹೆಸರಿರುವ ಪಾತ್ರಗಳು ಹತ್ತು ಹನ್ನೆರಡು. ಅವರಲ್ಲಿ ತೀರಾ ಒಳ್ಳೆಯವನಂತೆ ಕಾಣುವವನನ್ನು ಹತ್ತಾರು ಥ್ರಿಲ್ಲರ್ ಓದಿದ ಅಭ್ಯಾಸದಿಂದ ಆರಿಸುತ್ತೇವೆ. ಅದು ಲೆಕ್ಕಾಚಾರ, ಸುಳಿವಿನಿಂದ ತಲುಪಿದ ಉತ್ತರವಲ್ಲ. ಹೆಸರು ಸರಿಯಾಗಿದ್ದರೂ ಯಾಕೆ, ಹೇಗೆ ಎಂಬುದು ಖಾಲಿ ಇರುತ್ತದೆ, ಉಳಿದ ಅರ್ಧ ಪುಸ್ತಕ ಇರುವುದು ಅದಕ್ಕಾಗಿ. ಬರೆದು ಹಾಳೆ ಮಡಚಿಬಿಟ್ಟರೆ ತಲೆ ಹಗುರಾಗಿ ಮುಂದೆ ಓದಲು ಬಿಡುವಾಗುತ್ತದೆ.

ಈ ಹೊತ್ತಿನಲ್ಲಿ ಪಾತ್ರದ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ಹೆಸರು ಟೈಪ್ ಮಾಡುತ್ತಿದ್ದಂತೆಯೇ "ಸಾಯುತ್ತಾಳಾ" ಎಂಬ ಸಲಹೆ ಕೆಳಗೆ ಮೂಡಿರುತ್ತದೆ.

ಹಂತ 7: ಮನೋವಿಜ್ಞಾನದ ಭಾಗವನ್ನು ಜರಡಿ ಹಿಡಿಯಿರಿ

ಈ ಪ್ರಕಾರದ ದೊಡ್ಡ ದೌರ್ಬಲ್ಯ ಇಲ್ಲಿದೆ. ಕುಡಿದ ರಾತ್ರಿಯ ಮರೆವು ಪುಸ್ತಕದ ಕೊನೆಗೆ ಸಿನಿಮಾದಂತೆ ಪೂರ್ತಿ ಮರಳುವ ದೃಶ್ಯವನ್ನೇ ತೆಗೆದುಕೊಳ್ಳಿ. ಮಿತಿಮೀರಿದ ಮದ್ಯದಿಂದ ಪೂರ್ತಿ ಬ್ಲ್ಯಾಕ್‌ಔಟ್ ಆದಾಗ ಮಿದುಳು ಆ ಹೊತ್ತಿನ ನೆನಪನ್ನು ದಾಖಲಿಸಿಯೇ ಇರುವುದಿಲ್ಲ. ದಾಖಲಾಗದ್ದು ಮರಳಿ ಬರುವುದೂ ಇಲ್ಲ. ಅರೆಬರೆ ಮರೆವಾದರೆ ತುಣುಕುಗಳು ಸಿಗಬಹುದು. ಕೆಲವು ನಿದ್ದೆಯ ಔಷಧಗಳ ಕಥೆಯೂ ಇದೇ. ತುಣುಕುಗಳನ್ನು ಬೇರೆಯವರ ಮಾತು, ಫೋನಿನ ಸಂದೇಶ, ಚಿತ್ರಗಳಿಂದ ಜೋಡಿಸಿಕೊಳ್ಳುವ ಪುಸ್ತಕ ನಿಜಕ್ಕೆ ಹತ್ತಿರ.

ಅದಕ್ಕಿಂತ ಕೆಟ್ಟದ್ದು, ಕೊನೆಯಲ್ಲಿ ಅಪರಾಧಿಗೆ ಒಂದು ಕಾಯಿಲೆಯ ಹೆಸರು ಅಂಟಿಸಿ ಅದನ್ನೇ ಉದ್ದೇಶವೆಂದು ತೋರಿಸುವುದು. ಮಾನಸಿಕ ಕಾಯಿಲೆ ಇರುವ ಬಹುತೇಕ ಜನ ಯಾರಿಗೂ ಹಿಂಸೆ ಮಾಡುವವರಲ್ಲ. ಕಾಯಿಲೆಯ ಹೆಸರು ತೆಗೆದುಹಾಕಿದರೆ ಅಪರಾಧಕ್ಕೆ ಬೇರೆ ಕಾರಣ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ಉಳಿಯದಿದ್ದರೆ ಲೇಖಕರು ಕಾರಣವನ್ನು ಕಟ್ಟಿಯೇ ಇಲ್ಲ ಎಂದರ್ಥ.

ಓದುತ್ತಾ ನಿಮ್ಮದೇ ಹರೆಯದ ಹಳೆಯ ಗಾಯ ಎದ್ದು ಬಂದರೆ, ಅಧ್ಯಾಯ ಮುಗಿಯುವವರೆಗೆ ಕಾಯದೆ ಅಲ್ಲೇ ನಿಲ್ಲಿಸಿ. ಅಧ್ಯಾಯದ ಕೊನೆಯನ್ನು ನಿಮ್ಮನ್ನು ಮುಂದಕ್ಕೆ ಎಳೆಯುವಂತೆಯೇ ಬರೆದಿರುತ್ತಾರೆ, ನಡುವೆ ಬಿಡುವುದೇ ಸುಲಭ. ಹಗಲಲ್ಲಿ ಮುಂದುವರಿಸಿ, ಬೇಡವೆನಿಸಿದರೆ ಬಿಡಿ, ನಂಬಿಕೆಯವರ ಜೊತೆ ಮಾತಾಡಿ.

ಹಂತ 8: ಮುಗಿಸಿದ ಮೇಲೆ 20 ಪುಟ

ಕೊನೆಯ ಪುಟ ಮುಗಿದ ದಿನವೇ, ಹೆಚ್ಚೆಂದರೆ ಮಾರನೆಯ ದಿನ, ಮೊದಲ 20 ಪುಟ ಮತ್ತೆ ಓದಿ. ಅರ್ಧ ಗಂಟೆಯ ಕೆಲಸ. ತಿರುವಿಗೆ ಬೇಕಾದದ್ದು ಅಲ್ಲಿ ಕಣ್ಣೆದುರೇ ಇತ್ತೇ? ಇದ್ದರೆ ಯಾವ ವಾಕ್ಯದ ಹಿಂದೆ ಅಡಗಿಸಿದ್ದರು? ಸುಳಿವೊಂದೂ ಇಲ್ಲದೆ ತಿರುವು ಮೇಲಿಂದ ಬಿದ್ದಿದ್ದರೆ ಲೇಖಕರು ನಿಮಗೆ ಅನ್ಯಾಯ ಮಾಡಿದ್ದಾರೆ. ಮಡಚಿಟ್ಟ ಊಹೆಯನ್ನೂ ಈಗ ಬಿಚ್ಚಿ, "ಇಲ್ಲ" ಪಟ್ಟಿಯ ಪಕ್ಕ ಇಟ್ಟು ನೋಡಿ. ಅಪರಾಧಿ ಆ ಐದರಲ್ಲಿ ಯಾವುದರ ಮೇಲೆ ಹಿಡಿತ ಇಟ್ಟುಕೊಂಡಿದ್ದ ಎಂಬುದನ್ನು ಪಟ್ಟಿ ಬಹಳ ಸಲ ಮೊದಲೇ ಹೇಳಿರುತ್ತದೆ.

ಅದೇ ಪುಸ್ತಕವನ್ನು ಮನೆಯ ಹುಡುಗನಿಗೋ ಹುಡುಗಿಗೋ ಕೊಡುವುದಾದರೆ ಯಾವ ಪುಟದಲ್ಲಿದ್ದೀ ಎಂದು ಮಾತ್ರ ಕೇಳಿ, ಇದರಿಂದ ಏನು ಕಲಿತೆ ಎಂದು ಕೇಳಬೇಡಿ. ಅವರಾಗಿಯೇ ಮಾತು ತೆಗೆದರೆ ಮೊದಲು ಅವರ ಅನುಮಾನ ಯಾರ ಮೇಲೆ ಎಂದು ಪೂರ್ತಿ ಕೇಳಿಸಿಕೊಳ್ಳಿ. ಕೊಡುವ ಮುನ್ನ ಒಳಗಿನ ಹಾಳೆ ತೆಗೆದಿಡಿ, ಅಂಚಿನ ಚುಕ್ಕೆಗಳನ್ನೆಲ್ಲ ರಬ್ಬರಿನಿಂದ ಒರೆಸಿಬಿಡಿ.